ರೂಪಾಯಿಯಲ್ಲಿ ಬೇಕಾ ಅಂತ ಕೇಳಿದರೆ ಬೇಡ ಅನ್ನಿ

2024ರ ಡಿಸೆಂಬರ್. ಬ್ಯಾಂಕಾಕ್‌ನಿಂದ ಬಂದು ಹತ್ತು ದಿನ ಕಳೆದಿತ್ತು. ಭಾನುವಾರ ಬೆಳಿಗ್ಗೆ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಬ್ಯಾಂಕಿನ ಸ್ಟೇಟ್‌ಮೆಂಟ್ ಹರಡಿಕೊಂಡು ಕೂತಿದ್ದೆ. ಒಲೆಯ ಮೇಲೆ ಕುಕ್ಕರ್ ಇಟ್ಟದ್ದು ಮರೆತೇ ಹೋಯಿತು. ಎಷ್ಟು ಸೀಟಿ ಹೊಡೆಯಿತೋ ಗೊತ್ತಿಲ್ಲ, ಕೊನೆಗೆ ಇವರೇ ಎದ್ದು ಹೋಗಿ ಗ್ಯಾಸ್ ಬಂದ್ ಮಾಡಿದರು.

ಅಕೌಂಟ್ಸ್ ಕೆಲಸ ನನ್ನದು. ಇಪ್ಪತ್ತೆರಡು ವರ್ಷಗಳಿಂದ ಫೋರ್ಟ್‌ನ ಒಂದು ಬಟ್ಟೆ ವ್ಯಾಪಾರದ ಕಂಪನಿಯಲ್ಲಿ ಬೇರೆಯವರ ಲೆಕ್ಕದಲ್ಲಿ ಐದು ರೂಪಾಯಿ ಹೆಚ್ಚು ಕಡಿಮೆಯಾದರೂ ಹುಡುಕಿ ತೆಗೆಯುತ್ತೇನೆ. ನಮ್ಮದೇ ಖಾತೆಯಲ್ಲಿ ಆ ದಿನ ಕಂಡದ್ದು ಹೀಗಿತ್ತು. ಎಟಿಎಂನಿಂದ ಒಂದು ಸಲ ಹಣ ತೆಗೆದದ್ದಕ್ಕೆ ಸ್ಟೇಟ್‌ಮೆಂಟ್‌ನಲ್ಲಿ ಐದು ಸಾಲು. ಮೊದಲ ಸಾಲು 12,946. ಅದರ ಕೆಳಗೆ 453. ಅದರ ಕೆಳಗೆ 82. ಆಮೇಲೆ 150, ಮತ್ತೆ 27. ಇಂಥ ಐದೈದು ಸಾಲು ಮೂರು ಸಲ. ಪೆನ್ಸಿಲ್ ತಗೊಂಡು ಡೈರಿಯ ಹಿಂದಿನ ಪುಟದಲ್ಲಿ ಒಂದೊಂದನ್ನೂ ಬಿಡಿಸಿ ಬರೆದೆ.

ನಾವು ಆ ಯಂತ್ರದಿಂದ ತೆಗೆದದ್ದು 5,000 ಬಾತ್. ಆಗ ಒಂದು ಬಾತ್‌ಗೆ 2 ರೂಪಾಯಿ 48 ಪೈಸೆ ಇತ್ತು. ಅಂದರೆ ಕೈಗೆ ಬಂದ ನೋಟಿನ ಬೆಲೆ 12,400 ರೂಪಾಯಿ. ಆದರೆ ಯಂತ್ರ ಇಟ್ಟ ಬ್ಯಾಂಕು ಪರದೇಶದ ಕಾರ್ಡ್ ಅಂತ ತನ್ನ ಪಾಲಿಗೆ 220 ಬಾತ್ ಸೇರಿಸಿಕೊಂಡಿತ್ತು. ಹಾಗಾಗಿ 5,220 ಬಾತ್‌ಗೆ 12,946. ಅದರ ಮೇಲೆ ನಮ್ಮ ಬ್ಯಾಂಕು ಶೇಕಡಾ ಮೂರೂವರೆ ಮಾರ್ಕಪ್, ಅಂದರೆ ಪರದೇಶದ ಹಣದ ವ್ಯವಹಾರಕ್ಕೆ ತನ್ನ ಹೆಚ್ಚುವರಿ, ಹಾಕಿತ್ತು, 453. ಆ ಮಾರ್ಕಪ್ಪಿನ ಮೇಲೆ ಶೇಕಡಾ 18 ಜಿಎಸ್‌ಟಿ, 82. ಪರದೇಶದ ಎಟಿಎಂ ಬಳಸಿದ್ದಕ್ಕೆ ಪ್ರತ್ಯೇಕ ಶುಲ್ಕ 150, ಅದಕ್ಕೂ ಜಿಎಸ್‌ಟಿ 27. ಪೈಸೆಗಳನ್ನೂ ಹಿಡಿದು ಕೂಡಿದರೆ ಒಟ್ಟು 13,657. ಅಂದರೆ 12,400 ರೂಪಾಯಿಯ ನೋಟು ತರಲು 1,257 ರೂಪಾಯಿ ಕೊಟ್ಟಿದ್ದೆವು. ನೂರಕ್ಕೆ ಹತ್ತು! ಮೂರು ಸಲ ತೆಗೆದದ್ದಕ್ಕೆ 3,771. ನಮ್ಮ ಮನೆಯ ಒಂದು ತಿಂಗಳ ತರಕಾರಿ ಖರ್ಚು ಅದು.

ಮೂರು ಸಲ ತೆಗೆದದ್ದು ಯಾಕೆ ಅಂದರೆ ಹೆದರಿಕೆ. ಅತ್ತೆಯವರೂ ಜೊತೆಗಿದ್ದರು, ಅವರಿಗೆ 74 ವರ್ಷ. ಗುರುತಿಲ್ಲದ ಊರಲ್ಲಿ ಕಿಸೆ ತುಂಬ ನೋಟು ಇಟ್ಟುಕೊಂಡು ತಿರುಗುವುದು ಬೇಡ, ಬೇಕಾದಾಗ ಸ್ವಲ್ಪ ಸ್ವಲ್ಪ ತೆಗೆದರಾಯಿತು ಅಂದುಕೊಂಡೆವು. ಊರಲ್ಲಿ ಎಟಿಎಂ ಬಳಸುವ ಅಭ್ಯಾಸವೇ ಅಲ್ಲಿಗೂ ಬಂತು. ಅದೇ 15,000 ಬಾತ್ ಒಂದೇ ಸಲ ತೆಗೆದಿದ್ದರೆ ಎಷ್ಟಾಗುತ್ತಿತ್ತು ಅಂತ ಅದರ ಪಕ್ಕದಲ್ಲೇ ಲೆಕ್ಕ ಹಾಕಿದೆ. ಹೆಚ್ಚುವರಿ ಖರ್ಚು 2,281 ಬಂತು. ಯಂತ್ರದ 220 ಬಾತ್ ಒಂದೇ ಸಲ, ಬ್ಯಾಂಕಿನ 150 ಒಂದೇ ಸಲ. ಬರೀ ಅಷ್ಟರಲ್ಲೇ 1,490 ರೂಪಾಯಿ ಉಳಿಯುತ್ತಿತ್ತು. ನೋಟನ್ನು ಮೂರು ಕಡೆ ಹಂಚಿ, ಸ್ವಲ್ಪ ಅತ್ತೆಯ ಸೊಂಟದ ಚೀಲದಲ್ಲಿ, ಸ್ವಲ್ಪ ನನ್ನ ಬಟ್ಟೆಯ ಒಳಕಿಸೆಯಲ್ಲಿ, ಉಳಿದದ್ದು ಹೋಟೆಲ್ ಕೋಣೆಯ ಲಾಕರ್‌ನಲ್ಲಿ ಇಟ್ಟಿದ್ದರೆ ಹೆದರಿಕೆಗೂ ಉಪಾಯ ಇತ್ತು.

ಅದೇ ಸ್ಟೇಟ್‌ಮೆಂಟ್‌ನಲ್ಲಿ ಇನ್ನೊಂದು ಸಾಲು ಇತ್ತು. ಇವರು ಒಂದು ಮಾಲ್‌ನಲ್ಲಿ ಬೂಟು ಕೊಂಡದ್ದು, 3,200 ಬಾತ್. ಕಾರ್ಡ್ ಹಾಕಿದ ಮೇಲೆ ಅಂಗಡಿಯ ಹುಡುಗಿ ಮೆಷಿನ್ ನಮ್ಮ ಕಡೆ ತಿರುಗಿಸಿದಳು. ಪರದೆಯ ಮೇಲೆ ಎರಡು ಆಯ್ಕೆ ಇತ್ತು, ಒಂದು ಬಾತ್‌ನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ಪರದೇಶದಲ್ಲಿ ನಾಲ್ಕು ದಿನ ಯಾವ್ಯಾವುದೋ ಹಣದಲ್ಲಿ ಲೆಕ್ಕ ಹಾಕಿ ದಣಿದವರಿಗೆ ರೂಪಾಯಿ ಕಂಡರೆ ಊರಿನವರು ಸಿಕ್ಕಿದ ಹಾಗೆ. ಇವರು ರೂಪಾಯಿಯನ್ನೇ ಒತ್ತಿದರು. ಪಕ್ಕದಲ್ಲೇ ನಿಂತಿದ್ದ ನಾನೂ ಸರಿ ಅಂದೆ. ಸ್ಲಿಪ್‌ನಲ್ಲಿ ಬಂದದ್ದು 8,440 ರೂಪಾಯಿ. ಆ ದಿನದ ದರದಲ್ಲಿ ಆಗಬೇಕಾದ್ದು 7,936.

ಇದು ನಡೆಯುವ ಬಗೆ ಹೀಗೆ. ಬಾತ್ ಒತ್ತಿದರೆ ಬಾತನ್ನು ರೂಪಾಯಿಗೆ ಪರಿವರ್ತಿಸುವುದು ವೀಸಾ ಅಥವಾ ಮಾಸ್ಟರ್‌ಕಾರ್ಡ್. ಅವರ ದರ ಮಾರುಕಟ್ಟೆಯ ದರಕ್ಕೆ ತುಂಬ ಹತ್ತಿರ ಇರುತ್ತದೆ, ಅವರ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ರೂಪಾಯಿ ಒತ್ತಿದರೆ ಪರಿವರ್ತನೆಯ ಕೆಲಸ ಅಲ್ಲೇ, ಆ ಅಂಗಡಿಯ ಅಥವಾ ಎಟಿಎಂನ ಬ್ಯಾಂಕಿನ ಕಡೆಯವರು ಮಾಡುತ್ತಾರೆ. ದರ ಅವರು ಇಟ್ಟದ್ದೇ. ಆ ಲಾಭದಲ್ಲಿ ಅಂಗಡಿಗೂ ಪಾಲು ಸಿಗುವುದುಂಟು. ಇದಕ್ಕೆ ಡೈನಮಿಕ್ ಕರೆನ್ಸಿ ಕನ್ವರ್ಶನ್ ಅನ್ನುತ್ತಾರೆ, ಚಿಕ್ಕದಾಗಿ ಡಿಸಿಸಿ. ಇಷ್ಟಕ್ಕೇ ಮುಗಿಯಲಿಲ್ಲ. ರೂಪಾಯಿಯಲ್ಲೇ ಕೊಟ್ಟರೂ ವ್ಯವಹಾರ ನಡೆದದ್ದು ಪರದೇಶದಲ್ಲಿ ಅಂತ ನಮ್ಮ ಬ್ಯಾಂಕು ಮತ್ತೆ ಶೇಕಡಾ ಒಂದು ಮತ್ತು ಅದರ ಜಿಎಸ್‌ಟಿ ಸೇರಿಸಿ 99 ರೂಪಾಯಿ ಹಾಕಿತ್ತು. ಬೂಟು 8,539ಕ್ಕೆ ಬಿತ್ತು. ಲೆಕ್ಕ ಸರಿಯಾಗಿಯೇ ಹೇಳಬೇಕು: ಬಾತ್ ಒತ್ತಿದ್ದರೂ ನಮ್ಮ ಕಾರ್ಡಿನ ಮಾರ್ಕಪ್ ತಪ್ಪುತ್ತಿರಲಿಲ್ಲ, 8,264 ಆಗುತ್ತಿತ್ತು. ಆದರೂ ಒಂದು ಗುಂಡಿಯಿಂದ 275 ರೂಪಾಯಿ ಹೋಯಿತು. ಬೂಟಿಗೆ 275, ಹೋಟೆಲ್ ಬಿಲ್ಲಿಗೆ ಎಷ್ಟಾಗಬಹುದು ನೋಡಿ.

ನನಗೆ ನಿಜವಾಗಿ ಬೇಸರವಾದದ್ದು ನಮ್ಮ ನಾಲ್ಕು ಸಾವಿರಕ್ಕಲ್ಲ. ನಮ್ಮ ಬಿಲ್ಡಿಂಗ್‌ನಲ್ಲಿ, ನಮ್ಮ ಕನ್ನಡ ಸಂಘದಲ್ಲಿ ಈಗ ಪರದೇಶಕ್ಕೆ ಹೋಗುವವರು ಯಾರು ಅಂತ ನೋಡಿದರೆ, ಮೂವತ್ತು ನಲವತ್ತು ವರ್ಷ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತು, ಕ್ಯಾಂಟೀನ್ ನಡೆಸಿ, ಮಕ್ಕಳನ್ನು ಓದಿಸಿ, ಅರವತ್ತು ದಾಟಿದ ಮೇಲೆ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿಕೊಂಡವರು. ಗಲ್ಲೆಯಲ್ಲಿ ಒಂದು ರೂಪಾಯಿ ಚಿಲ್ಲರೆಗೂ ಲೆಕ್ಕ ಇಟ್ಟವರು. ಅಂಥವರ ದುಡ್ಡು ಯಾರೂ ವಿವರಿಸದ ಒಂದು ಪರದೆಯ ಮುಂದೆ ಹೀಗೆ ಸೋರಿ ಹೋಗುವುದು ನನಗೆ ಸಹಿಸುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆರು ತಿಂಗಳಾದ ಮೇಲೆ, 2025ರ ಜೂನ್‌ನಲ್ಲಿ, ಮಗಳು ಓದುತ್ತಿರುವ ಜರ್ಮನಿಯ ಡ್ರೆಸ್ಡೆನ್‌ಗೆ ಹೋಗುವುದಿತ್ತು. ಈ ಸಲ ಎರಡು ತಿಂಗಳು ಮೊದಲೇ ತಯಾರಿ ಶುರು ಮಾಡಿದೆ.

ಮೊದಲು ಕಾರ್ಡ್. ಪರದೇಶದ ಖರ್ಚಿಗೆ ಮಾರ್ಕಪ್ ಹಾಕದ ಕಾರ್ಡುಗಳು ಈಗ ನಮ್ಮಲ್ಲೂ ಇವೆ. ಕೆಲವು ಕ್ರೆಡಿಟ್ ಕಾರ್ಡುಗಳು, ಕೆಲವು ಡೆಬಿಟ್. ಒಂದು ಬಗೆಯಂತೂ ಎಫ್‌ಡಿ ಇಟ್ಟರೆ ಅದರ ಆಧಾರದ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್, ಸಂಬಳದ ಚೀಟಿ ತೋರಿಸಲಾಗದ ನಿವೃತ್ತರಿಗೂ ಗೃಹಿಣಿಯರಿಗೂ ಅದು ಸುಲಭ. ಅಂಗಡಿ, ಹೋಟೆಲ್, ರೈಲಿಗೆ ಕ್ರೆಡಿಟ್ ಕಾರ್ಡ್, ನಗದು ತೆಗೆಯಲು ಡೆಬಿಟ್, ಎರಡೂ ಮಾರ್ಕಪ್ ಇಲ್ಲದವು ಅಂತ ನಿಶ್ಚಯ ಮಾಡಿದೆ. ಕಾರ್ಡ್ ತಗೊಳ್ಳುವ ಮೊದಲು ಬ್ಯಾಂಕಿನ ಶುಲ್ಕಪಟ್ಟಿ ತೆರೆದು ಎರಡು ಸಾಲು ಹುಡುಕಿದೆ: ಫಾರೆಕ್ಸ್ ಮಾರ್ಕಪ್ ಎಷ್ಟು, ಪರದೇಶದ ಎಟಿಎಂಗೆ ಎಷ್ಟು. ಜಾಹೀರಾತಿನಲ್ಲಿ ಮೊದಲನೆಯದು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಎರಡನೆಯದನ್ನು ಶುಲ್ಕಪಟ್ಟಿಯಲ್ಲೇ ನೋಡಬೇಕು. ಮಾರ್ಕಪ್ ಸೊನ್ನೆ ಇದ್ದು ಎಟಿಎಂ ಶುಲ್ಕ ಇರುವ ಕಾರ್ಡುಗಳು ಬೇಕಾದಷ್ಟಿವೆ.

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದು ಬೇರೆಯೇ ಕಥೆ. ಅಂಗಡಿಯಲ್ಲಿ ಕೊಟ್ಟ ಹಣಕ್ಕೆ, ಬಿಲ್ಲು ಪೂರ್ತಿ ಕಟ್ಟುವವರಿಗೆ, ಕಟ್ಟುವ ಕೊನೆಯ ತಾರೀಕಿನ ತನಕ ಬಡ್ಡಿ ಇಲ್ಲ. ನಗದು ತೆಗೆದರೆ ಹೆಚ್ಚಿನ ಕಾರ್ಡುಗಳಲ್ಲಿ ಅದೇ ದಿನದಿಂದ ಬಡ್ಡಿ ಶುರು, ಅದರ ಮೇಲೆ ಕ್ಯಾಶ್ ಅಡ್ವಾನ್ಸ್ ಶುಲ್ಕ ಬೇರೆ. ಊರಲ್ಲಾದರೂ ಪರದೇಶದಲ್ಲಾದರೂ ನಿಯಮ ಅದೇ. ನಮ್ಮ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ದಿನಾ ಜೊತೆಗೆ ಬರುವ ಒಬ್ಬರ ಮಗ ದುಬೈನಲ್ಲಿ ಹೀಗೆ ಎರಡು ಸಲ ತೆಗೆದು, ಬಿಲ್ಲು ಬಂದಾಗ ಮನೆಯಲ್ಲಿ ಹೇಳಲು ಹೆದರಿ ಸುಮ್ಮನಿದ್ದನಂತೆ. ಸುಮ್ಮನಿದ್ದಷ್ಟು ದಿನವೂ ಬಡ್ಡಿ ಏರಿತು.

ಮಗಳ ಹತ್ತಿರ ಒಂದು ಫಾರೆಕ್ಸ್ ಕಾರ್ಡ್ ಇತ್ತು, ಹೋಗುವಾಗ ಯೂರೋ ತುಂಬಿಸಿ ಕೊಟ್ಟದ್ದು. ತುಂಬಿಸಿದ ದಿನದ ದರವೇ ಕೊನೆಯ ತನಕ ಇರುವುದರಿಂದ ರೂಪಾಯಿ ಇಳಿದರೂ ಚಿಂತೆ ಇಲ್ಲ, ಅದು ಅದರ ಒಳ್ಳೆಯ ಗುಣ. ಆದರೆ ಯೂರೋ ತುಂಬಿಸಿದ ಕಾರ್ಡನ್ನು ಯೂರೋ ಇಲ್ಲದ ದೇಶದಲ್ಲಿ ಉಜ್ಜಿದರೆ ಒಂದು ಹಣದಿಂದ ಇನ್ನೊಂದು ಹಣಕ್ಕೆ ಬದಲಿಸಿದ್ದಕ್ಕೆ ಶುಲ್ಕ ಬೀಳುತ್ತದೆ. ಡ್ರೆಸ್ಡೆನ್‌ನಿಂದ ಚೆಕ್ ದೇಶದ ಪ್ರಾಗ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಯುರೋಪ್ ಒಂದೇ ಅಂದುಕೊಂಡು ಹೋದರೆ ಅಲ್ಲಿ ಯೂರೋ ಅಲ್ಲ, ಕೊರುನಾ. ಮಗಳು ಮೊದಲ ವರ್ಷ ಗೆಳತಿಯರ ಜೊತೆ ಹೋದಾಗ ಇದೇ ಕಾರ್ಡ್ ಬಳಸಿ ಆ ಶುಲ್ಕ ಕಟ್ಟಿದ್ದಳು.

ಎರಡನೆಯದು ಫೋನು. ಬ್ಯಾಂಕಾಕ್‌ನಲ್ಲಿ ಇಳಿದ ಕೂಡಲೇ ನಮ್ಮ ಕಾರ್ಡ್ ನಡೆಯಲಿಲ್ಲ, ಅದನ್ನು ಹೇಳುವುದು ಬಿಟ್ಟುಹೋಯಿತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ಹೊಸದಾಗಿ ಕೊಡುವ ಕಾರ್ಡುಗಳು ಭಾರತದೊಳಗಿನ ಎಟಿಎಂ ಮತ್ತು ಅಂಗಡಿಯ ಮೆಷಿನ್‌ಗಳಲ್ಲಿ ಮಾತ್ರ ನಡೆಯುತ್ತವೆ, ಪರದೇಶದ ಬಳಕೆ ಬೇಕಾದರೆ ನಾವೇ ಆ್ಯಪ್‌ನಲ್ಲಿ ಆನ್ ಮಾಡಬೇಕು. ಒಳ್ಳೆಯ ನಿಯಮ, ಕಾರ್ಡ್ ಕಳವಾದರೆ ಕಾಪಾಡುವುದು ಇದೇ. ಆದರೆ ಆನ್ ಮಾಡಲು ಓಟಿಪಿ ಬೇಕು, ಓಟಿಪಿ ಬರಲು ನಮ್ಮ ಭಾರತದ ಸಿಮ್ ಅಲ್ಲಿ ಎದ್ದಿರಬೇಕು. ನಾವು ರೋಮಿಂಗ್ ಹಾಕಿಸಿರಲಿಲ್ಲ. ವಿಮಾನ ನಿಲ್ದಾಣದ ವೈಫೈ ಹಿಡಿದು, ಪಾಸ್‌ವರ್ಡ್ ಮರೆತು, ಅತ್ತೆಯವರನ್ನು ಸೂಟ್‌ಕೇಸ್‌ಗಳ ಪಕ್ಕ ಕೂರಿಸಿ ಮುಕ್ಕಾಲು ಗಂಟೆ ಒದ್ದಾಡಿದೆವು. ಈ ಸಲ ಡೊಂಬಿವಲಿಯಲ್ಲೇ ಪರದೇಶದ ಬಳಕೆ ಆನ್ ಮಾಡಿ, ದಿನದ ಮಿತಿ ಇಟ್ಟು, ಎಸ್‌ಎಂಎಸ್ ಬರುವಷ್ಟಕ್ಕಾದರೂ ರೋಮಿಂಗ್ ಹಾಕಿಸಿದೆ. ವಾಪಸ್ ಬಂದ ರಾತ್ರಿಯೇ ಆಫ್ ಮಾಡಿದೆ.

ಮೂರನೆಯದು ಕೈಯಲ್ಲಿ ನಗದು. ಸ್ವಲ್ಪ ನೋಟು ಇಲ್ಲಿಂದಲೇ ತಗೊಂಡು ಹೋಗಬೇಕು ಅಂತ ನನ್ನ ಅಭಿಪ್ರಾಯ, ಇಳಿದ ಕೂಡಲೇ ಕಂಡ ಯಂತ್ರಕ್ಕೆ ಶರಣಾಗುವುದು ತಪ್ಪುತ್ತದೆ. ನನ್ನ ಆಫೀಸು ಫೋರ್ಟ್‌ನಲ್ಲಿ, ಅಲ್ಲಿ ಪರದೇಶದ ಹಣ ಮಾರುವ ಅಂಗಡಿಗಳಿಗೆ ಬರವಿಲ್ಲ. ಊಟದ ಬಿಡುವಿನಲ್ಲಿ ಮೂರು ಕಡೆ ಕೇಳಿದೆ. ಆ ದಿನ ಫೋನಿನಲ್ಲಿ ಕಾಣುತ್ತಿದ್ದ ಯೂರೋ ದರ 98 ರೂಪಾಯಿ 60 ಪೈಸೆ. ಮೊದಲ ಅಂಗಡಿ 101.40 ಅಂದಿತು, ಎರಡನೆಯದು 100.90. ಮೂರನೆಯ ಕಡೆ ಇವೆರಡನ್ನೂ ಹೇಳಿ, ನಿಮ್ಮ ಕೊನೆಯ ದರ ಎಷ್ಟು ಅಂತ ಕೇಳಿದೆ. 100.10ಕ್ಕೆ ಬಂತು. ದಾದರ್‌ನಲ್ಲಿ ಸೀರೆಗೆ ಚೌಕಾಸಿ ಮಾಡುವ ನಾವು ಡಾಲರು, ಯೂರೋ ಅಂದ ಕೂಡಲೇ ಬೋರ್ಡಿನಲ್ಲಿ ಬರೆದದ್ದನ್ನು ಸುಮ್ಮನೆ ಕೊಡುತ್ತೇವೆ. ಕೇಳಬೇಕು, ಕೇಳಿದರೆ ಇಳಿಸುತ್ತಾರೆ. ಆ ಬೋರ್ಡಿನಲ್ಲಿ ಎರಡು ದರ ಇರುತ್ತವೆ, ಅವರು ಕೊಳ್ಳುವುದು ಒಂದು, ಅವರು ಮಾರುವುದು ಇನ್ನೊಂದು. ನಮಗೆ ಬೇಕಾದ್ದು ಅವರು ಮಾರುವ ದರ.

300 ಯೂರೋ ತಗೊಂಡೆ, 30,030 ರೂಪಾಯಿ. ಅದರ ಮೇಲೆ ಜಿಎಸ್‌ಟಿ 54 ರೂಪಾಯಿ ಮಾತ್ರ. ಹಣ ಬದಲಿಸುವಾಗ ಜಿಎಸ್‌ಟಿ ಇಡೀ ಮೊತ್ತದ ಮೇಲಲ್ಲ. ಒಂದು ಲಕ್ಷದ ತನಕ ಮೊತ್ತದ ಶೇಕಡಾ ಒಂದನ್ನು ಸೇವೆಯ ಬೆಲೆ ಅಂತ ಹಿಡಿದು, ಕನಿಷ್ಠ 250 ರೂಪಾಯಿ, ಅದರ ಮೇಲೆ ಶೇಕಡಾ 18 ಹಾಕುತ್ತಾರೆ. ಯಾರಾದರೂ ಇದಕ್ಕಿಂತ ಹೆಚ್ಚು ಜಿಎಸ್‌ಟಿ ಬರೆದರೆ ಬಿಲ್ಲು ಹಿಡಿದು ಕೇಳಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ತೋರಿಸಬೇಕಾಯಿತು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಅಂಗಡಿ ಹೌದೋ ಅಲ್ಲವೋ ನೋಡಿಕೊಂಡೇ ಒಳಗೆ ಹೋದೆ. 50,000 ರೂಪಾಯಿಯ ತನಕ ನಗದು ಕೊಟ್ಟು ಕೊಳ್ಳಬಹುದು, ಅದಕ್ಕಿಂತ ಹೆಚ್ಚಾದರೆ ಚೆಕ್ಕೋ ಬ್ಯಾಂಕಿನಿಂದಲೋ ಕೊಡಬೇಕು. ನೋಟಿನ ರೂಪದಲ್ಲಿ ಒಂದು ಪ್ರಯಾಣಕ್ಕೆ 3,000 ಡಾಲರ್ ಬೆಲೆಯಷ್ಟು ಒಯ್ಯಬಹುದು, ಕೆಲವೇ ದೇಶಗಳಿಗೆ ನಿಯಮ ಬೇರೆ. ನಮ್ಮಂಥವರಿಗೆ ಅಷ್ಟು ಬೇಕಾಗುವುದೂ ಇಲ್ಲ.

ಹೊರಡುವ ರಾತ್ರಿ ಮುಂಬಯಿ ವಿಮಾನ ನಿಲ್ದಾಣದಲ್ಲಿ ಒಂದು ಕೌಂಟರಿನ ಬೋರ್ಡ್ ಮುಂದೆ ಬೇಕಂತಲೇ ನಿಂತು ನೋಡಿದೆ. ಯೂರೋ 107 ರೂಪಾಯಿ. ಅಷ್ಟೇ ಯೂರೋ ಅಲ್ಲಿ ತಗೊಂಡಿದ್ದರೆ ಎರಡು ಸಾವಿರಕ್ಕೂ ಹೆಚ್ಚು ಹೋಗುತ್ತಿತ್ತು. ನಮ್ಮ ಮುಂದೆ ಇಬ್ಬರು ಹಿರಿಯರು, ಗುಂಪು ಪ್ರವಾಸದ ಟೋಪಿ ಹಾಕಿಕೊಂಡವರು, ಸಾಲಿನಲ್ಲಿ ನಿಂತಿದ್ದರು. ಹೇಳೋಣ ಅಂದುಕೊಂಡೆ. ಆದರೆ ಆ ಹೊತ್ತಿಗೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ, ಹೇಳಿದರೆ ಪ್ರಯಾಣದ ಸಂತೋಷ ಕೆಡುತ್ತಿತ್ತು. ಸುಮ್ಮನೆ ಮುಂದೆ ಹೋದೆ. ಈಗಲೂ ಆ ಇಬ್ಬರು ನೆನಪಾಗುತ್ತಾರೆ.

ಟಿಸಿಎಸ್, ಅಂದರೆ ಪರದೇಶಕ್ಕೆ ಹಣ ಒಯ್ಯುವಾಗ, ಕಳಿಸುವಾಗ ಮೊದಲೇ ಹಿಡಿಯುವ ತೆರಿಗೆ, ಅದರ ಬಗ್ಗೆ ಸಂಘದಲ್ಲಿ ತುಂಬ ಜನ ಕೇಳುತ್ತಾರೆ. ಫಾರೆಕ್ಸ್ ಕಾರ್ಡಿಗೆ ತುಂಬಿಸಿದ್ದು, ಕೊಂಡ ನೋಟು, ಕಳಿಸಿದ ಹಣ ಎಲ್ಲ ಸೇರಿ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ದಾಟಿದರೆ ಮಾತ್ರ ಅದರ ಮಾತು ಬರುತ್ತದೆ. 2025ರ ಏಪ್ರಿಲ್‌ಗೆ ಮೊದಲು ಆ ಮಿತಿ 7 ಲಕ್ಷ ಇತ್ತು. ಕಟ್ಟಿದರೂ ಅದು ರಿಟರ್ನ್ ತುಂಬುವಾಗ ತೆರಿಗೆಗೆ ಹೊಂದಿಕೆಯಾಗುವ ಹಣ, ಕಳೆದುಹೋಗುವ ಶುಲ್ಕವಲ್ಲ. ಪ್ರವಾಸದ ಕಂಪನಿಯ ಪ್ಯಾಕೇಜ್‌ಗೆ ಲೆಕ್ಕ ಬೇರೆ, ಅದನ್ನು ಬಿಲ್ಲಿನಲ್ಲೇ ಸೇರಿಸುತ್ತಾರೆ.

ಡ್ರೆಸ್ಡೆನ್‌ನಲ್ಲಿ ಎಲ್ಲ ಕಡೆ ಕಾರ್ಡ್ ನಡೆಯುತ್ತದೆ ಅಂದುಕೊಂಡಿದ್ದೆ. ಮಗಳ ಮನೆಯ ಕೆಳಗಿನ ಬೇಕರಿಯ ಬಾಗಿಲಲ್ಲೇ ಒಂದು ಚೀಟಿ, 'ನೂರ್ ಬಾರ್‌ತ್ಸಾಲುಂಗ್'. ನಗದು ಮಾತ್ರ ಅಂತ ಅರ್ಥವಂತೆ. ದಿನಾ ಬೆಳಿಗ್ಗೆ ಅತ್ತೆಯವರು ಚಿಲ್ಲರೆ ಎಣಿಸಿ ಬ್ರೆಡ್ ತರಲು ತಾವೇ ಹೋಗುತ್ತಿದ್ದರು. ಎರಡು ವಾರಕ್ಕೆ ಆ 300 ಯೂರೋ ಸಾಕಾಗಿ ಸ್ವಲ್ಪ ಉಳಿಯಿತು. ಜರ್ಮನಿಯಲ್ಲಿ ಎಟಿಎಂ ಮುಟ್ಟಲೇ ಇಲ್ಲ.

ಮುಟ್ಟಿದ್ದು ಪ್ರಾಗ್‌ನಲ್ಲಿ. ಹಳೆಯ ಪೇಟೆಯ ಚೌಕ, 1410ರಲ್ಲಿ ಇಟ್ಟ ದೊಡ್ಡ ಗಡಿಯಾರ, ಅದರ ಕೆಳಗೆ ತಲೆ ಎತ್ತಿ ನಿಂತ ಜನಸಾಗರ. ಆ ಜನ ನಿಲ್ಲುವ ಕಡೆಯಲ್ಲೇ, ನೆನಪಿನ ಸಾಮಾನು ಮಾರುವ ಅಂಗಡಿಯ ಗೋಡೆಗೆ ಒಂದು ಎಟಿಎಂ. ಅಲ್ಲಿ ಬ್ಯಾಂಕಿನ ಶಾಖೆ ಇಲ್ಲ. ಇಂಥ ಯಂತ್ರದ ಹತ್ತಿರ ಹೋಗಬಾರದು ಅಂತ ನನ್ನ ಚೀಟಿಯಲ್ಲೇ ಬರೆದುಕೊಂಡಿದ್ದೆ. ಎರಡು ಬೀದಿ ದಾಟಿ, ಒಂದು ಬ್ಯಾಂಕಿನ ಶಾಖೆಯ ಗೋಡೆಯಲ್ಲಿದ್ದ ಯಂತ್ರಕ್ಕೆ ಹೋದೆವು.

ಕಾರ್ಡ್ ಹಾಕಿ, ಭಾಷೆ ಇಂಗ್ಲಿಷ್ ಆಯ್ದು, ಪಿನ್ ಒತ್ತಿ, 4,000 ಕೊರುನಾ ಅಂದೆ. 125 ಕೊರುನಾ ಶುಲ್ಕ ಇದೆ, ಒಪ್ಪಿಗೆಯಾ ಅಂತ ಕೇಳಿತು. ಒಪ್ಪಿಗೆ. ಆಮೇಲೆ ಆ ಪರದೆ ಬಂತು. ಎಡಗಡೆ ದೊಡ್ಡ ಅಕ್ಷರದಲ್ಲಿ 18,666 ರೂಪಾಯಿ, ಹಸಿರು ಬಣ್ಣದ ಗುಂಡಿ, 'ಪರಿವರ್ತನೆ ಒಪ್ಪಿದ್ದೇನೆ'. ಬಲಗಡೆ ಬೂದು ಬಣ್ಣದಲ್ಲಿ, ಸಣ್ಣದಾಗಿ, 'ಪರಿವರ್ತನೆ ಬೇಡ'. ಒಪ್ಪಿಗೆಗೆ ಹಸಿರು, ನಿರಾಕರಣೆಗೆ ಬಣ್ಣವೇ ಇಲ್ಲ. ಬೇಡ ಅಂದರೆ ಹಣವೇ ಬರುವುದಿಲ್ಲವೇನೋ ಅನ್ನಿಸುವ ಹಾಗೆ ಅದನ್ನು ಬರೆದಿದ್ದಾರೆ. ನನ್ನ ಬೆರಳು ಒಂದು ಕ್ಷಣ ತಡೆಯಿತು. ಬೇಡ ಒತ್ತಿದೆ.

ಯಂತ್ರ ಅಷ್ಟಕ್ಕೆ ಬಿಡಲಿಲ್ಲ. ಇನ್ನೊಂದು ಪರದೆ ತಂದಿತು: ಪರಿವರ್ತನೆ ಇಲ್ಲದೆ ಮುಂದುವರಿದರೆ ದರ ಎಷ್ಟಾಗುತ್ತದೆ ಎಂಬ ಖಾತ್ರಿ ಇರುವುದಿಲ್ಲ, ಖಂಡಿತವಾ? ಹೆದರಿಸುವ ಮಾತು ಅದು. ಹಿಂದೆ ನಿಂತಿದ್ದ ಇವರು, ಒಪ್ಪಿಕೋ ಮಾರಾಯ್ತಿ, ಜನ ಕಾಯ್ತಿದ್ದಾರೆ ಅಂದರು. ನಾನು ಎರಡನೆಯ ಸಲವೂ ಬೇಡ ಒತ್ತಿದೆ. ಎರಡು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಒಳಗೆ ನೋಟು ಎಣಿಸುವ ಸದ್ದು ಬಂತು. ಕೈಗೆ 4,000 ಕೊರುನಾ ಬಂತು.

ಫೋನಿಗೆ ಬಂದ ಮೆಸೇಜ್: 16,541 ರೂಪಾಯಿ. ಯಂತ್ರ ಹೇಳಿದ್ದಕ್ಕಿಂತ 2,125 ಕಡಿಮೆ. ಅದೇ ಯಂತ್ರ, ಅದೇ ಕಾರ್ಡ್, ಅದೇ ನೋಟು. ಇವರಿಗೆ ಅಲ್ಲೇ ಬೀದಿಯಲ್ಲಿ ಫೋನ್ ಕೊಟ್ಟು ತೋರಿಸಿದೆ. ಇವರು ಬಹಳ ಹೊತ್ತು ಆ ಮೆಸೇಜನ್ನೇ ನೋಡುತ್ತಿದ್ದರು.

ಯುಪಿಐ ಬಗ್ಗೆ ಎರಡು ಮಾತು. ಭೂತಾನ್, ನೇಪಾಳ, ಶ್ರೀಲಂಕಾ, ಮಾರಿಷಸ್, ಸಿಂಗಾಪುರ, ಯುಎಇಯಲ್ಲಿ ಅನೇಕ ಅಂಗಡಿಗಳಲ್ಲಿ ನಮ್ಮ ಯುಪಿಐನಿಂದಲೇ ಕ್ಯೂಆರ್ ಸ್ಕ್ಯಾನ್ ಮಾಡಿ ಕೊಡಬಹುದು. 2024ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಐಫೆಲ್ ಟವರ್‌ನಲ್ಲೂ ಶುರುವಾಯಿತು. ಆ್ಯಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಅಂತ ಇರುವುದನ್ನು ಮೊದಲು ಆನ್ ಮಾಡಬೇಕು. ಪಿನ್ ಹಾಕುವ ಮೊದಲು ರೂಪಾಯಿ ಎಷ್ಟಾಗುತ್ತದೆ ಅಂತ ತೋರಿಸುತ್ತದೆ, ಅಲ್ಲಿ ಒಂದು ಕ್ಷಣ ನಿಂತು ಆ ದಿನದ ದರದ ಜೊತೆ ಹೋಲಿಸಿ ನೋಡಿ. ಬ್ಯಾಂಕಿನ ಮಾರ್ಕಪ್ ಅದರೊಳಗೆ ಸೇರಿರಬಹುದು.

ಉಳಿದ ನೋಟಿನ ವಿಷಯವನ್ನೂ ಹೇಳುತ್ತೇನೆ. 2,000 ಡಾಲರ್ ಬೆಲೆಯ ತನಕ ಮನೆಯಲ್ಲೇ ಇಟ್ಟುಕೊಳ್ಳಲು ನಿಯಮ ಅವಕಾಶ ಕೊಡುತ್ತದೆ. ಅದಕ್ಕಿಂತ ಹೆಚ್ಚು ಉಳಿದರೆ 180 ದಿನದೊಳಗೆ ಮರಳಿ ಮಾರಬೇಕು. ನಮಗೆ ಉಳಿದದ್ದು 35 ಯೂರೋ, ಅದನ್ನು ಮಾರಿದರೆ ಕೊಳ್ಳುವ ದರದಲ್ಲಿ ಮತ್ತೆ ನಷ್ಟ. ಮಗಳ ಹತ್ತಿರವೇ ಬಿಟ್ಟು ಬಂದೆವು, ಬೇಕರಿಗೆ ಆಯಿತು.

ಕಳೆದ ತಿಂಗಳು ನಮ್ಮ ಅಕ್ಕ, ಭಾವ ಕುಂದಾಪುರದಿಂದ ಬಂದು ನಮ್ಮಲ್ಲಿ ಎರಡು ದಿನ ಇದ್ದು, ಇಲ್ಲಿಂದ ವಿಯೆಟ್ನಾಮಿಗೆ ಹೋದರು. ಅಕ್ಕನಿಗೆ 63. ಹೊರಡುವ ಮುಂಚೆ ರಾತ್ರಿ ಕೂತು ಒಂದು ಪೋಸ್ಟ್‌ಕಾರ್ಡಿನಷ್ಟು ದಪ್ಪ ಕಾಗದದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಬ್ಯಾಂಕಿನ ಗೋಡೆಯ ಎಟಿಎಂ ಮಾತ್ರ. ಒಂದೇ ಸಲ ತೆಗಿ. ಹಸಿರು ಗುಂಡಿ ಒತ್ತಬೇಡ. ರೂಪಾಯಿ ಅಂತ ಕಂಡರೆ ಬೇಡ ಅನ್ನು. ಅದನ್ನು ಅವಳು ಕಾರ್ಡಿನ ಜೊತೆಗೇ ರಬ್ಬರ್ ಹಾಕಿ ಪರ್ಸಿನಲ್ಲಿ ಇಟ್ಟುಕೊಂಡಳು.

ನಾಲ್ಕನೆಯ ದಿನ ಮಧ್ಯಾಹ್ನ ಹನೋಯಿಯಿಂದ ವಾಟ್ಸಾಪ್ ವಿಡಿಯೋ ಕಾಲ್ ಬಂತು. ಆಗ ನಾನು ಆಫೀಸಿನಲ್ಲಿದ್ದೆ. ಅಕ್ಕನ ಮುಖ ಅರ್ಧ, ಯಂತ್ರದ ಪರದೆ ಅರ್ಧ.

"30 ಲಕ್ಷ ಡಾಂಗ್ ಅಂತ ಒತ್ತಿದ್ದೇನೆ ಮಾರಾಯ್ತಿ. ಸೊನ್ನೆ ಎಣಿಸಿ ಎಣಿಸಿ ಸಾಕಾಯ್ತು. 30 ಲಕ್ಷ ಅಂದ್ರೆ ಎಷ್ಟಾಯ್ತು?"

"ಹತ್ತು ಸಾವಿರ ರೂಪಾಯಿ ಅಕ್ಕ. ಸರಿ ಉಂಟು. ಮುಂದೆ ಎಂತ ಕೇಳ್ತದೆ?"

"ರೂಪಾಯಿ ಬೇಕಾ ಅಂತ ಕೇಳ್ತು, ಬೇಡ ಅಂದೆ. ಈಗ ಪುನಃ ಕೇಳ್ತಾ ಉಂಟು. ಎಂತ ಒತ್ತೂದು?"

"ಪುನಃ ಬೇಡ ಅನ್ನು."

"ನಿನ್ನ ಚೀಟಿಯಲ್ಲಿ ಎರಡು ಸಲ ಅಂತ ಬರೀಲೇ ಇಲ್ಲ ನೀನು."

"ಬಿಟ್ಟುಹೋಯ್ತು ಅಕ್ಕ. ಒತ್ತು, ಒತ್ತು."

ಭಾವ ಹಿಂದಿನಿಂದ, ಕಾರ್ಡ್ ನುಂಗಿಬಿಡ್ತದೆ ಅಂತ ಹೇಳುತ್ತಿದ್ದದ್ದು ಕೇಳಿಸಿತು. ಅಕ್ಕ ಅವರಿಗೆ ಉತ್ತರ ಕೊಡದೆ ಬೆರಳು ಒತ್ತಿದಳು. ಆಮೇಲೆ ಫೋನು ಅವಳ ಕೈಯಿಂದ ವಾಲಿ ಪರದೆಯಲ್ಲಿ ಬರೀ ಫುಟ್‌ಪಾತ್, ಸಾಲಾಗಿ ನಿಂತ ಸ್ಕೂಟರ್‌ಗಳು. ನೋಟು ಬರುವ ಸದ್ದು ಕೇಳಿಸಿತು. ಸಂಜೆ ಲೋಕಲ್‌ನಲ್ಲಿ ಕೂತಿರುವಾಗ ಅವಳ ಬ್ಯಾಂಕಿನ ಮೆಸೇಜಿನ ಫೋಟೋ ಬಂತು: 10,183 ರೂಪಾಯಿ, ಯಂತ್ರದ ಶುಲ್ಕ ಸೇರಿ. ಅದರ ಕೆಳಗೆ ಆ ಚೀಟಿಯ ಫೋಟೋ. ಕೊನೆಯ ಸಾಲಿನ ಪಕ್ಕದಲ್ಲಿ ಅಕ್ಕ ಪೆನ್ನಿನಿಂದ 'ಎರಡು ಸಲ' ಅಂತ ಸೇರಿಸಿದ್ದಳು.